ಗಂಟೆ ಬಡಿದಾಗ ಕೈಲಿರುವುದನ್ನು ಕೆಳಗಿಡುವುದು: ಬೆನೆಡಿಕ್ಟನ ಮಠನಿಯಮ ಮತ್ತು ಗೃಹಸ್ಥರ ದಿನಚರಿ

ಕ್ರೈಸ್ತ ಧ್ಯಾನಮಠ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಎತ್ತರದ ಗೋಡೆ, ಮುಚ್ಚಿದ ಬಾಗಿಲು ಮತ್ತು ಮಾತನ್ನೇ ಮರೆತಂತಿರುವ ಮನುಷ್ಯರು. ಆದರೆ ಅಂಥ ಮಠದ ಅತಿಥಿಗೃಹದಲ್ಲಿ ಎರಡು ದಿನ ಕಳೆದವರ ನೆನಪಿನಲ್ಲಿ ಉಳಿಯುವುದು ಮೌನಕ್ಕಿಂತ ಹೆಚ್ಚಾಗಿ ಗಂಟೆ. ನಸುಕಿಗೊಮ್ಮೆ, ಕೆಲಸ ಭರದಿಂದ ಸಾಗುತ್ತಿರುವಾಗೊಮ್ಮೆ, ಊಟಕ್ಕೆ ಮುಂಚೆ, ಕತ್ತಲಾಗುವ ಹೊತ್ತಿಗೆ ಅದು ಬಡಿಯುತ್ತದೆ. ಬಡಿದೊಡನೆ ಗುದ್ದಲಿ ಹಿಡಿದವನು ಗುದ್ದಲಿಯನ್ನೂ ಲೆಕ್ಕ ಬರೆಯುತ್ತಿದ್ದವನು ಪೆನ್ನನ್ನೂ ಅಲ್ಲಿಗಲ್ಲಿಗೇ ಬಿಟ್ಟು ಪ್ರಾರ್ಥನೆಗೆ ಹೊರಡುತ್ತಾರೆ. ಐದನೆಯ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಈಜಿಪ್ಟಿನ ಮಠಗಳ ರೂಢಿಯನ್ನು ದಾಖಲಿಸುವಾಗ ಹೇಳುವ ಒಂದು ಸಂಗತಿ ನನಗೆ ಬಹಳ ಇಷ್ಟ: ಕರೆ ಕೇಳಿದಾಗ ಬರೆಯುತ್ತಾ ಕುಳಿತವನು ತಾನು ಆರಂಭಿಸಿದ ಅಕ್ಷರವನ್ನು ಕೂಡ ಪೂರ್ತಿ ಮಾಡದೆ ಏಳುತ್ತಿದ್ದನಂತೆ. ನಮ್ಮ ಲಿಪಿಯಲ್ಲಾದರೆ, ತಲೆಕಟ್ಟು ಎಳೆದು ಒತ್ತು ಕೊಡುವ ಮೊದಲೇ ಎದ್ದು ಹೋದ ಹಾಗೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಈ ಒಂದು ಸಂಗತಿಯ ಸುತ್ತಲೇ ಇದೆ. ಪ್ರಾರ್ಥಿಸಬೇಕೆ, ಓದಬೇಕೆ, ಸುಮ್ಮನಿರಬೇಕೆ ಎಂಬ ತೀರ್ಮಾನವನ್ನು ಮಠವಾಸಿಗಳು ಮನಸ್ಸಿನ ಹದಕ್ಕೆ ಬಿಡಲಿಲ್ಲ. ಅದನ್ನು ಹೊತ್ತಿಗೂ ಜಾಗಕ್ಕೂ ಕಟ್ಟಿಹಾಕಿದರು. ಸಂಸಾರವಂದಿಗರಾದ ನಾವು ಅವರಿಂದ ತರಬಹುದಾದದ್ದು ಮುಖ್ಯವಾಗಿ ಇದೇ. ತರುವ ಬಗೆಯನ್ನು ಒಂದೊಂದೇ ಹೆಜ್ಜೆಯಾಗಿ ಮುಂದೆ ವಿವರಿಸಿದ್ದೇನೆ.

ನಾನು ಆಧಾರವಾಗಿ ಇಟ್ಟುಕೊಂಡಿರುವುದು ಸಂತ ಬೆನೆಡಿಕ್ಟನ ನಿಯಮವನ್ನು. ಆತ ಸುಮಾರು 480ರಲ್ಲಿ ಇಟಲಿಯ ನೂರ್ಸಿಯಾದಲ್ಲಿ ಹುಟ್ಟಿ, ಸುಬಿಯಾಕೊದ ಗುಹೆಯೊಂದರಲ್ಲಿ ಒಂಟಿಯಾಗಿ ತಪಸ್ಸು ಮಾಡಿ, ಸುಮಾರು 529ರಲ್ಲಿ ಮೊಂತೆ ಕಸ್ಸಿನೊ ಬೆಟ್ಟದ ಮೇಲೆ ಮಠ ಕಟ್ಟಿದವನು. 73 ಅಧ್ಯಾಯಗಳ ತನ್ನ ನಿಯಮವನ್ನು ಆತ ಕೊನೆಯಲ್ಲಿ ಕರೆಯುವುದು ಆರಂಭಿಕರಿಗಾಗಿ ಬರೆದ ಸಣ್ಣ ನಿಯಮವೆಂದು. ಮನುಷ್ಯಸ್ವಭಾವದ ಬಗ್ಗೆ ಅವನಿಗೆ ಭ್ರಮೆಗಳಿರಲಿಲ್ಲ. ಸನ್ಯಾಸಿಗಳು ದ್ರಾಕ್ಷಾರಸವನ್ನೇ ಮುಟ್ಟಬಾರದೆಂದು ಓದಿದ್ದೇವೆ, ಆದರೆ ನಮ್ಮ ಕಾಲದ ಸನ್ಯಾಸಿಗಳನ್ನು ಇದಕ್ಕೆ ಒಪ್ಪಿಸಲು ಆಗದ ಕಾರಣ ಹೊಟ್ಟೆ ತುಂಬ ಕುಡಿಯದೆ ಮಿತವಾಗಿ ಕುಡಿಯೋಣ ಎಂದಾದರೂ ಒಪ್ಪಿಕೊಳ್ಳೋಣ ಎಂಬ ಅರ್ಥದ ಮಾತು ಅದರ 40ನೆಯ ಅಧ್ಯಾಯದಲ್ಲಿದೆ. ಇಷ್ಟು ಸಮಾಧಾನದ ಮನುಷ್ಯ ಬರೆದದ್ದರಿಂದಲೇ ಆ ನಿಯಮ ಒಂದೂವರೆ ಸಾವಿರ ವರ್ಷ ಬಾಳಿದೆಯೆಂದು ನನ್ನ ಅನಿಸಿಕೆ.

ಮುಂದುವರಿಯುವ ಮೊದಲು ಒಂದು ಮಾತು. ಈ ದಿನಚರಿಯನ್ನು ಅನುಸರಿಸಲು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಆದರೆ ಅದರ ನಡುಗಂಬ ದೇವರ ಮುಂದೆ ನಿಲ್ಲುವುದು ಎಂಬುದನ್ನು ಮರೆಮಾಚಿ, ಅದನ್ನು ಕಚೇರಿಯಲ್ಲಿ ಹೆಚ್ಚು ಕೆಲಸ ತೆಗೆಯುವ ಉಪಾಯವೆಂದು ಹೇಳಿಕೊಡುವವರೂ ಇದ್ದಾರೆ. ಅದು ಕಾಯಿ ಬಿಟ್ಟು ಸಿಪ್ಪೆ ಹೊತ್ತು ತಂದಂತೆ.

ಮೊದಲು ನಾಲ್ಕೈದು ದಿನ ಕಾಯಿರಿ

ಮಠ ಸೇರಲು ಬಂದವನನ್ನು ಸುಲಭವಾಗಿ ಒಳಗೆ ಬಿಡಬಾರದು, ನಾಲ್ಕೈದು ದಿನ ಬಾಗಿಲಲ್ಲೇ ತಾಳ್ಮೆಯಿಂದ ನಿಂತರೆ ಆಮೇಲೆ ನೋಡಬೇಕು ಎನ್ನುತ್ತದೆ 58ನೆಯ ಅಧ್ಯಾಯ. ಈ ಲೇಖನ ಓದಿದ ಉತ್ಸಾಹದಲ್ಲಿ ನಾಳೆ ನಾಲ್ಕು ಗಂಟೆಗೇ ಏಳುತ್ತೇನೆ ಎಂದು ಹೊರಡುವವರು ಮುಂದಿನ ವಾರದ ಹೊತ್ತಿಗೆ ಎಲ್ಲವನ್ನೂ ಬಿಟ್ಟಿರುತ್ತಾರೆ. ಆದ್ದರಿಂದ ಈ ನಾಲ್ಕೈದು ದಿನ ಏನನ್ನೂ ಹೊಸದಾಗಿ ಮಾಡದೆ, ನಿಮ್ಮ ದಿನ ಈಗ ಹೇಗೆ ಸಾಗುತ್ತಿದೆಯೆಂದು ಒಂದು ಚೀಟಿಯಲ್ಲಿ ಬರೆದಿಡಿ: ಎದ್ದದ್ದು ಯಾವಾಗ, ಮೊಬೈಲ್ ಕೈಗೆ ಬಂದದ್ದು ಯಾವಾಗ, ಮನೆ ಸ್ವಲ್ಪವಾದರೂ ಸದ್ದಿಲ್ಲದೆ ಇದ್ದದ್ದು ಯಾವ ಹೊತ್ತಿನಲ್ಲಿ. ಈ ಮೂರನೆಯ ಸಾಲೇ ಮುಂದೆ ಬೇಕಾಗುವುದು.

ಎರಡು ಗಂಟೆಗಳನ್ನು ಗೊತ್ತುಮಾಡಿ

ಹಗಲಲ್ಲಿ ಏಳು ಬಾರಿ, ರಾತ್ರಿಯಲ್ಲೊಮ್ಮೆ ಪ್ರಾರ್ಥನೆಗೆ ಸೇರಬೇಕು, ಹಾಗೆ ಸೇರಿ ವಾರವೊಂದರಲ್ಲಿ ಬೈಬಲಿನ 150 ಕೀರ್ತನೆಗಳನ್ನೂ ಮುಗಿಸಬೇಕು ಎಂಬುದು ಬೆನೆಡಿಕ್ಟನ ವ್ಯವಸ್ಥೆ. ದಿನಕ್ಕೆ ಏಳು ಸಾರಿ ಸ್ತುತಿಸುವೆನೆಂದು 119ನೆಯ ಕೀರ್ತನೆಯಲ್ಲಿರುವ ಮಾತನ್ನು ಆತ ಅಕ್ಷರಶಃ ಪಾಲಿಸಿದ್ದ. ಮನೆಯಲ್ಲಿರುವವರಿಗೆ ಎರಡು ಸಾಕು: ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಮುಖ್ಯವಾದದ್ದು ಅವಧಿಯಲ್ಲ. ಕರೆ ನಿಮ್ಮೊಳಗಿನಿಂದ ಬಾರದೆ ಹೊರಗಿನಿಂದ ಬರಬೇಕು. ಊರಿನ ಇಗರ್ಜಿಯ ಗಂಟೆ, ದೇವಸ್ಥಾನದ ಗಂಟೆ, ಮಸೀದಿಯ ಬಾಂಗು, ಎದುರಿನ ಶಾಲೆಯ ಬೆಲ್, ಹೀಗೆ ದಿನವೂ ಒಂದೇ ಹೊತ್ತಿಗೆ ಕೇಳಿಸುವ ಯಾವುದಾದರೂ ಸದ್ದು ಆಗುತ್ತದೆ. ಯಾವುದೂ ಇಲ್ಲದಿದ್ದರೆ ಕೀಲಿ ಕೊಡುವ ಹಳೆಯ ಅಲಾರಂ ಗಡಿಯಾರ ಒಳ್ಳೆಯದು. ನಾನು ಮೊದಮೊದಲು ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೆ. ಅಲಾರಂ ನಿಲ್ಲಿಸಿದ ಬೆರಳೇ ವಾಟ್ಸ್ಯಾಪ್ ತೆರೆಯುತ್ತಿತ್ತು, ಹತ್ತು ನಿಮಿಷ ಅಲ್ಲೇ ಕರಗಿ ಹೋಗುತ್ತಿತ್ತು.

ಸದ್ದು ಕೇಳಿದಾಗ ಮಾಡುತ್ತಿರುವ ಕೆಲಸವನ್ನು ನಡುವಿನಲ್ಲೇ ನಿಲ್ಲಿಸುವುದು ಈ ಅಭ್ಯಾಸದ ತಿರುಳು. ಅರ್ಧ ಹೆಚ್ಚಿದ ಹುರುಳಿಕಾಯಿ ಹಾಗೇ ಇರಲಿ, ಅರ್ಧ ಬರೆದ ಮಿಂಚಂಚೆ ಹಾಗೇ ಇರಲಿ. (ಒಲೆಯ ಮೇಲೆ ಹಾಲಿದ್ದರೆ ಒಲೆಯನ್ನು ಆರಿಸಿಯೇ ಹೋಗಬೇಕು, ಉಕ್ಕಿದ ಹಾಲಿನಿಂದ ಯಾರ ಆತ್ಮವೂ ಉದ್ಧಾರವಾಗದು.) ಇದೊಂದನ್ನು ಮುಗಿಸಿ ಬರುತ್ತೇನೆ ಎಂಬ ಮಾತಿನಲ್ಲೇ ನಮ್ಮ ದಿನಗಳೆಲ್ಲ ಸೋರಿಹೋಗುತ್ತವೆ. ಕಾಯಕವೇ ಕೈಲಾಸ ಎಂಬ ನಮ್ಮ ಶರಣರ ಮಾತನ್ನು ಬೆನೆಡಿಕ್ಟನ ಪಕ್ಕದಲ್ಲಿಟ್ಟು ಎರಡೂ ಒಂದೇ ಎನ್ನುವವರಿದ್ದಾರೆ. ದುಡಿಮೆಯ ಮೇಲಿನ ಗೌರವ ಇಬ್ಬರಲ್ಲೂ ಇದೆ ನಿಜ. ಆದರೆ ಗಂಟೆ ಬಡಿದಾಗ ದುಡಿಮೆಯನ್ನು ಬಿಟ್ಟು ಏಳಲೇಬೇಕು, ದೇವರ ಕೆಲಸಕ್ಕಿಂತ ಬೇರೆ ಯಾವುದನ್ನೂ ಮುಂದೆ ಮಾಡಬಾರದು ಎಂಬ 43ನೆಯ ಅಧ್ಯಾಯದ ಒತ್ತು ಬೇರೆಯೇ ಸ್ವರದ್ದು, ಆ ಅಂತರವನ್ನು ಅಳಿಸಿಹಾಕುವುದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ.

ತಡವಾದರೆ ಏನು ಮಾಡಬೇಕೆಂಬುದಕ್ಕೂ ಅದೇ ಅಧ್ಯಾಯದಲ್ಲಿ ಉತ್ತರವಿದೆ. ರಾತ್ರಿಯ ಪ್ರಾರ್ಥನೆಯ ಆರಂಭದ ಕೀರ್ತನೆಯನ್ನು ಎಳೆದೆಳೆದು ನಿಧಾನವಾಗಿ ಹೇಳಬೇಕು, ಏಕೆಂದರೆ ನಿದ್ದೆಗಣ್ಣಿನವರು ಬಂದು ಸೇರಿಕೊಳ್ಳಲು ಸಮಯ ಸಿಗಬೇಕು. ಅದಕ್ಕೂ ತಡವಾಗಿ ಬಂದವನು ಎಲ್ಲರಿಗೂ ಕಾಣುವಂತೆ ಬೇರೆ ಜಾಗದಲ್ಲಿ ನಿಲ್ಲಬೇಕು, ಆದರೆ ಒಳಗೇ ಬರಬೇಕು. ಹೊರಗುಳಿದರೆ ಒಬ್ಬ ಮತ್ತೆ ಹೋಗಿ ಮಲಗುತ್ತಾನೆ, ಇನ್ನೊಬ್ಬ ಹರಟೆಗೆ ಕೂರುತ್ತಾನೆ ಎಂದು ಬೆನೆಡಿಕ್ಟ್ ಕಾರಣವನ್ನೂ ಕೊಡುತ್ತಾನೆ. ಹತ್ತು ನಿಮಿಷದಲ್ಲಿ ಎಂಟು ಕಳೆದುಹೋಗಿದ್ದರೆ ಉಳಿದ ಎರಡು ನಿಮಿಷಕ್ಕಾದರೂ ಹೋಗಿ ಕುಳಿತುಕೊಳ್ಳಿ. ನಾಳೆ ಸರಿಯಾಗಿ ಮಾಡೋಣ ಎನ್ನುವುದು ಹೊರಗೆ ಹರಟೆಗೆ ಕೂತಂತೆಯೇ.

ಓದನ್ನು ಮೆಲುಕು ಹಾಕುವುದು

ಎರಡು ವಾರ ಈ ಗಂಟೆಗಳು ತಪ್ಪದೆ ನಡೆದ ಮೇಲೆ ಬೆಳಗಿನ ಹತ್ತು ನಿಮಿಷವನ್ನು ಇಪ್ಪತ್ತಕ್ಕೆ ಹಿಗ್ಗಿಸಿ, ಓದನ್ನು ಸೇರಿಸಿಕೊಳ್ಳಬಹುದು. ಮಠಗಳ ಈ ಓದನ್ನು ದಿವ್ಯಪಠಣ ಎನ್ನೋಣ. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಕಾರ್ಥೂಸಿಯನ್ ಎಂಬ ಸನ್ಯಾಸಿಪಂಥದ ಮಠದ ಹಿರಿಯನಾಗಿದ್ದ ಎರಡನೆಯ ಗಿಗೊ ಇದನ್ನು ನಾಲ್ಕು ಮೆಟ್ಟಿಲಿನ ಏಣಿಯಾಗಿ ವಿವರಿಸಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ಓದು ತುತ್ತನ್ನು ಬಾಯಿಗೆ ಇಡುತ್ತದೆ, ಮನನ ಅದನ್ನು ಅಗಿಯುತ್ತದೆ, ಪ್ರಾರ್ಥನೆಗೆ ರುಚಿ ಸಿಗುತ್ತದೆ, ಧ್ಯಾನವೆಂದರೆ ಆ ಸವಿಯೇ ಎಂಬುದು ಆತನ ಹೋಲಿಕೆ. ಮನನಕ್ಕೆ ಮಠವಾಸಿಗಳು ಬಳಸುತ್ತಿದ್ದ ಲ್ಯಾಟಿನ್ ಮಾತಿನ ನೇರ ಅರ್ಥ ದನ ಮೆಲುಕು ಹಾಕುವುದು ಎಂದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ನೆನಪನ್ನು ಮೆಲುಕು ಹಾಕುವುದು ನಮ್ಮ ನಿತ್ಯದ ಮಾತು.

ಒಂದು ಉದಾಹರಣೆಯ ಮೂಲಕ ನೋಡೋಣ. ಕೀರ್ತನೆಗಳಲ್ಲಿ 131ನೆಯದು ಕೇವಲ ಮೂರು ವಚನಗಳಷ್ಟು ಚಿಕ್ಕದು; ಬೆನೆಡಿಕ್ಟ್ ಕೂಡ ವಿನಯದ ಬಗೆಗಿನ ತನ್ನ 7ನೆಯ ಅಧ್ಯಾಯವನ್ನು ಆರಂಭಿಸುವಾಗ ಅದನ್ನೇ ನೆನೆಯುತ್ತಾನೆ. ಮೊದಲು ಅದನ್ನು ಒಮ್ಮೆ ತುಟಿ ಅಲ್ಲಾಡಿಸಿ, ನಿಮಗಷ್ಟೇ ಕೇಳುವಷ್ಟು ಸದ್ದಿನಲ್ಲಿ ಓದಿ. ಗರ್ವವಿಲ್ಲ, ಕೈಗೆಟುಕದ ದೊಡ್ಡ ಸಂಗತಿಗಳಲ್ಲಿ ತಲೆಹಾಕುವುದಿಲ್ಲ ಎಂದು ಆರಂಭವಾಗಿ, ತಾಯಿಯ ಮಡಿಲಿನಲ್ಲಿರುವ ಹಾಲು ಬಿಟ್ಟ ಕೂಸಿನಂತೆ ನನ್ನ ಪ್ರಾಣ ಸುಮ್ಮನಿದೆ ಎಂಬಲ್ಲಿಗೆ ಅದು ಬರುತ್ತದೆ. ಎರಡನೆಯ ಸಲ ಓದುವಾಗ ಯಾವ ಪದ ನಿಮ್ಮನ್ನು ತಡೆದು ನಿಲ್ಲಿಸುತ್ತದೆಯೋ ಅಲ್ಲೇ ನಿಂತುಬಿಡಿ. ಹಾಲು ಬಿಟ್ಟ ಕೂಸು ಎಂಬಲ್ಲಿ ನಿಂತಿರಿ ಎಂದುಕೊಳ್ಳೋಣ. ಹಾಲು ಕುಡಿಯುವ ಮಗು ತಾಯಿಯ ಮಡಿಲಿಗೆ ಬಂದೊಡನೆ ಸೆರಗಿಗೆ ಕೈ ಹಾಕುತ್ತದೆ, ಸಿಗದಿದ್ದರೆ ಅಳುತ್ತದೆ. ಹಾಲು ಬಿಟ್ಟದ್ದಕ್ಕೆ ಹಾಲಿನ ಹಂಬಲವಿಲ್ಲ, ತಾಯಿ ಇದ್ದರೆ ಸಾಕು. ಇಷ್ಟು ಹೊಳೆದರೆ ಆ ದಿನದ ಮನನ ಆಯಿತು. ನಾನು ದೇವರ ಬಳಿಗೆ ಹೋಗುವುದು ಯಾವುದನ್ನು ಕೇಳಲಿಕ್ಕೆ ಎಂಬ ಪ್ರಶ್ನೆ ತಾನಾಗಿಯೇ ಎದ್ದರೆ ಅದೇ ಪ್ರಾರ್ಥನೆಯ ಮೊದಲ ಮಾತು. ಅದನ್ನು ನಿಮ್ಮ ಮನೆಮಾತಿನಲ್ಲೇ ಹೇಳಿಕೊಳ್ಳಿ. ಆಮೇಲೆ ಮಾತು ನಿಂತರೆ ನಿಲ್ಲಲಿ. ನಾಲ್ಕನೆಯ ಮೆಟ್ಟಿಲನ್ನು ಹತ್ತಲು ಯಾವ ಕಸರತ್ತೂ ಇಲ್ಲ, ಅದು ದೊರೆಯುವಂಥದ್ದು. ದೊರೆಯದ ದಿನವೂ ಪುಸ್ತಕ ಮುಚ್ಚಿ ಕೆಲಸಕ್ಕೆ ಹೋಗಬೇಕು.

ಆ ಹೊತ್ತಿನಲ್ಲಿ ವ್ಯಾಖ್ಯಾನ ಗ್ರಂಥಗಳನ್ನು ತೆರೆಯಬೇಡಿ, ಮೆಚ್ಚಿದ ಸಾಲಿನ ಚಿತ್ರ ತೆಗೆದು ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ. ಇನ್ನೊಂದು ರೂಢಿಯನ್ನೂ ತರಬಹುದು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಬಂದಾಗ ಪ್ರತಿಯೊಬ್ಬ ಸನ್ಯಾಸಿಗೂ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಆತ ಮೊದಲಿನಿಂದ ಕೊನೆಯವರೆಗೆ ಅನುಕ್ರಮವಾಗಿ ಓದಬೇಕು ಎಂದು 48ನೆಯ ಅಧ್ಯಾಯ ವಿಧಿಸುತ್ತದೆ. ವರ್ಷಕ್ಕೊಮ್ಮೆ ನಲವತ್ತು ದಿನ, ಒಂದೇ ಪುಸ್ತಕ. ಹತ್ತು ಪುಸ್ತಕಗಳನ್ನು ಅರ್ಧರ್ಧ ಓದಿಟ್ಟಿರುವ ನನ್ನಂಥವರಿಗೆ ಉಳಿದೆಲ್ಲಕ್ಕಿಂತ ಇದೇ ಕಷ್ಟ.

ನಡುಹಗಲಿನ ಬೇಸರ ಬಂದಾಗ

ಒಂದು ತಿಂಗಳು ಕಳೆಯುವ ಹೊತ್ತಿಗೆ ಬೇಸರ ಹಿಡಿಯುತ್ತದೆ. ಅದು ನಿಮ್ಮೊಬ್ಬರ ಕೊರತೆಯೇನೂ ಅಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ವಾಸವಾಗಿದ್ದ ಇವಾಗ್ರಿಯಸ್ ಎಂಬಾತ ಇದನ್ನು ನಡುಹಗಲಿನ ಪೀಡೆ ಎಂದು ಕರೆದು ಅದರ ಲಕ್ಷಣಗಳನ್ನು ವೈದ್ಯನಂತೆ ಬರೆದಿಟ್ಟಿದ್ದಾನೆ. ಬೆಳಿಗ್ಗೆ ಸುಮಾರು ಹತ್ತಕ್ಕೆ ಶುರುವಾಗಿ ಎರಡು ಗಂಟೆಯವರೆಗೆ ಅದು ಕಾಡುತ್ತದೆ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ಗಂಟೆಗಳಿದ್ದಂತೆ ತೋರುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟಿದೆಯೆಂದು ಹೊರಗೆ ಬಂದು ಬಿಸಿಲನ್ನು ಅಳೆಯುತ್ತಾನೆ, ಈ ಜಾಗ ಸರಿಯಿಲ್ಲ, ಜೊತೆಯವರಲ್ಲಿ ಪ್ರೀತಿಯಿಲ್ಲ, ಬೇರೆ ಕಡೆ ಹೋದರೆ ಇದಕ್ಕಿಂತ ಹಗುರವಾದ ಕಸುಬು ಸಿಕ್ಕೀತು ಎಂದು ಯೋಚಿಸತೊಡಗುತ್ತಾನೆ. ಕಚೇರಿಯಲ್ಲಿ ಹನ್ನೊಂದೂವರೆಗೆ ಕೆಲಸ ಹುಡುಕುವ ಜಾಲತಾಣ ತೆರೆದು ಕೂರುವವರಿಗೆ ಈ ಚಿತ್ರದಲ್ಲಿ ಅಪರಿಚಿತವಾದದ್ದು ಏನೂ ಇರಲಾರದು.

ಮದ್ದು ಸರಳ. ಎದ್ದು ಹೋಗಬಾರದು, ಮಾಡುವ ಕೆಲಸಕ್ಕೆ ಒಂದು ಅಳತೆ ಗೊತ್ತುಮಾಡಿ ಅದು ಮುಗಿಯುವ ತನಕ ಬಿಡಬಾರದು. ಇದೇ ಬೇಸರ ಈಜಿಪ್ಟಿನ ಮರುಭೂಮಿಯ ಆದಿ ಸನ್ಯಾಸಿಗಳಲ್ಲೊಬ್ಬನಾದ ಸಂತ ಅಂತೋಣಿಯನ್ನೂ ಬಿಡಲಿಲ್ಲವೆಂದು ಮರುಭೂಮಿಯ ಹಿರಿಯರ ಕತೆಗಳಲ್ಲಿದೆ. ಮನಸ್ಸು ಮಂಕಾಗಿ ಹೊರಗೆ ಬಂದ ಆತನಿಗೆ ತನ್ನಂತೆಯೇ ಇರುವ ಒಬ್ಬ ಕಾಣಿಸಿದ. ಆತ ಕುಳಿತು ಹಗ್ಗ ಹೆಣೆಯುತ್ತಿದ್ದ, ಎದ್ದು ಪ್ರಾರ್ಥಿಸುತ್ತಿದ್ದ, ಮತ್ತೆ ಕುಳಿತು ಹೆಣೆಯುತ್ತಿದ್ದ. ಹೀಗೆ ಮಾಡು, ಉದ್ಧಾರವಾಗುತ್ತೀ ಎಂಬ ಮಾತು ಕೇಳಿಸಿತು. ನಿಮ್ಮ ಹಗ್ಗ ಯಾವುದೆಂದು ಮೊದಲೇ ತೀರ್ಮಾನಿಸಿಕೊಳ್ಳಿ: ಒಗೆದ ಬಟ್ಟೆ ಮಡಿಸುವುದು, ಸೊಪ್ಪು ಬಿಡಿಸುವುದು, ಕಡತ ಜೋಡಿಸುವುದು, ಕೈ ತೊಡಗಿ ತಲೆ ಬಿಡುವಾಗಿರುವ ಯಾವುದಾದರೂ ಕೆಲಸ ನಡೆಯುತ್ತದೆ.

ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಈ ಬೇಸರವಲ್ಲ; ಹಗ್ಗ ಹೆಣೆಯುತ್ತ ಕೂರದೆ ವೈದ್ಯರನ್ನು ಕಾಣಬೇಕು. ರೋಗಿಗಳ ಆರೈಕೆ ಎಲ್ಲಕ್ಕಿಂತ ಮುಂದೆ, ಅವರಿಗೆ ಸ್ನಾನಕ್ಕೆ ತಡೆಯಿಲ್ಲ, ತೀರಾ ನಿತ್ರಾಣರಾದವರಿಗೆ ಮಾಂಸವನ್ನೂ ಕೊಡಬಹುದು ಎಂದು ಬೆನೆಡಿಕ್ಟನ ನಿಯಮವೇ ಸಡಿಲವಾಗುತ್ತದೆ.

ಅಡುಗೆಮನೆಯ ವಾರ

ಮಠದಲ್ಲಿ ಅಡುಗೆಯ ಪಾಳಿ ವಾರಕ್ಕೊಬ್ಬರದು. ಕಾಯಿಲೆಯವರು ಮತ್ತು ಮಠದ ಮುಖ್ಯ ಹೊಣೆಯಲ್ಲಿರುವವರನ್ನು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಶನಿವಾರ ಪಾಳಿ ಮುಗಿಸುವವನು ಎಲ್ಲವನ್ನೂ ತೊಳೆದು, ಕೈಕಾಲು ಒರೆಸುವ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಚೊಕ್ಕಟವಾಗಿ, ಒಂದೂ ಮುಕ್ಕಾಗದಂತೆ ಉಗ್ರಾಣದವನಿಗೆ ಒಪ್ಪಿಸಬೇಕು. ಆತ ಅವನ್ನು ಹೊಸ ಪಾಳಿಯವನಿಗೆ ಕೊಡುತ್ತಾನೆ. ಪಾಳಿ ಬಿಡುವವನೂ ಹಿಡಿಯುವವನೂ ಸೇರಿ ಎಲ್ಲರ ಪಾದ ತೊಳೆಯುತ್ತಾರೆ. ಮಠದ ಸಾಮಾನುಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳೆಂಬಂತೆ ನೋಡಿಕೊಳ್ಳಬೇಕೆಂದು ಉಗ್ರಾಣದವನಿಗೆ 31ನೆಯ ಅಧ್ಯಾಯದ ಅಪ್ಪಣೆ.

ಮನೆಗೆ ಇದನ್ನು ತರುವ ಬಗೆ ಹೀಗೆ. ಶನಿವಾರ ರಾತ್ರಿ ಊಟವಾದ ಮೇಲೆ ಅಡುಗೆಮನೆಯನ್ನು ಮುಂದಿನ ವಾರದವರಿಗೆ ಒಪ್ಪಿಸಿ. ಸಿಂಕ್ ಖಾಲಿ, ಒಲೆಯ ಕಟ್ಟೆ ಒರೆಸಿದೆ, ಸೌಟುಗಳು ಎಣಿಕೆಗೆ ಸರಿಯಾಗಿವೆ, ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಮುಗಿದಿದ್ದರೆ ಅದನ್ನು ಹೇಳಿದ್ದಾಗಿದೆ. ಕೊಡುವವರೂ ಕೊಳ್ಳುವವರೂ ಒಂದು ನಿಮಿಷ ಅಲ್ಲೇ ನಿಂತು ಪ್ರಾರ್ಥಿಸಲಿ. ನಮ್ಮ ಮನೆಗಳಲ್ಲಿ ಈ ಪಾಳಿ ಕೈ ಬದಲಾಗುವುದೇ ಅಪರೂಪ, ಜೀವಮಾನವಿಡೀ ಒಬ್ಬರದೇ ವಾರ. ಗಂಡಸರು ಧ್ಯಾನ ಕಲಿಯಲು ಹೊರಟರೆ ಮೊದಲು ಹಿಡಿಯಬೇಕಾದದ್ದು ಜಪಮಾಲೆಯಲ್ಲ, ಪಾತ್ರೆ ಉಜ್ಜುವ ನಾರು ಎಂದು ನಾನು ಧೈರ್ಯವಾಗಿಯೇ ಹೇಳುತ್ತೇನೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಮೆಲ್ ಎಂಬ ಸನ್ಯಾಸಿಪಂಥದ ಮಠದಲ್ಲಿದ್ದ ಸಹೋದರ ಲಾರೆನ್ಸ್ ಸ್ವಭಾವತಃ ಅಡುಗೆಮನೆಯೆಂದರೆ ಆಗದವರು. ವರ್ಷಗಟ್ಟಲೆ ಅಲ್ಲೇ ದುಡಿದು, ಪಾತ್ರೆಗಳ ಗಲಾಟೆಯ ನಡುವೆ ದೇವರ ಸನ್ನಿಧಿಯಲ್ಲಿರುವುದನ್ನು ಅವರು ರೂಢಿಸಿಕೊಂಡರು.

ಬಾಗಿಲು ಮತ್ತು ರಾತ್ರಿ

ಮಠದ ಬಾಗಿಲಲ್ಲಿ ವಿವೇಕಿಯಾದ ಒಬ್ಬ ಮುದುಕನಿರಬೇಕು, ಯಾರಾದರೂ ತಟ್ಟಿದೊಡನೆ ಅಥವಾ ಬಡವನೊಬ್ಬ ಕೂಗಿದೊಡನೆ ಆತ ದೇವರಿಗೆ ಸ್ತೋತ್ರ ಎಂದು ಉತ್ತರಿಸಬೇಕು ಎನ್ನುತ್ತದೆ 66ನೆಯ ಅಧ್ಯಾಯ. ಕರೆಗಂಟೆ ಬಾರಿಸಿದಾಗ ಅಥವಾ ಫೋನ್ ಬಂದಾಗ ಇದನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡಿ. ಕೊರಿಯರ್ ಹುಡುಗನ ಮುಖವನ್ನು ನೋಡಿ ಮಾತಾಡುವಷ್ಟು ಬದಲಾವಣೆಯಾದರೂ ಆಗುತ್ತದೆ.

ರಾತ್ರಿಯ ಕೊನೆಯ ಪ್ರಾರ್ಥನೆಯ ನಂತರ ಮಠದಲ್ಲಿ ಯಾರೂ ಮಾತಾಡುವಂತಿಲ್ಲ. ಅತಿಥಿ ಬಂದರೆ ಅಥವಾ ಹಿರಿಯರ ಅಪ್ಪಣೆಯಿದ್ದರೆ ಮಾತ್ರ ಮೆಲುದನಿಯ ಮಾತಿಗೆ ಅವಕಾಶ. ಮನೆಯಲ್ಲಿ ಒಂಬತ್ತೂವರೆಗೋ ಹತ್ತಕ್ಕೋ ಗೆರೆ ಎಳೆದುಕೊಳ್ಳಿ. ಫೋನುಗಳು ನಡುಮನೆಯ ಒಂದು ಬುಟ್ಟಿಯಲ್ಲಿ ಮಲಗಲಿ. ಮಗು ಕರೆದರೆ, ವಯಸ್ಸಾದವರು ನೀರು ಕೇಳಿದರೆ ಓಗೊಡಲೇಬೇಕು, ಅವರೇ ನಿಮ್ಮ ಅತಿಥಿಗಳು. ಮನೆಯವರ ಮೇಲೆ ಮೌನವನ್ನು ಹೇರುವುದು ಮಾತ್ರ ಸಲ್ಲದು. 1084ರಲ್ಲಿ ಸಂತ ಬ್ರೂನೊ ಆರಂಭಿಸಿದ ಕಾರ್ಥೂಸಿಯನ್ನರು ಕ್ರೈಸ್ತ ಸನ್ಯಾಸಿಗಳಲ್ಲೇ ಅತಿ ಕಠಿಣ ಮೌನದವರು. ಅವರೂ ವಾರಕ್ಕೊಮ್ಮೆ ಜೊತೆಯಾಗಿ ದೂರದವರೆಗೆ ನಡೆಯುತ್ತ ಮಾತಾಡಿಕೊಳ್ಳುತ್ತಾರೆ. ರಾತ್ರಿಯ ಮಾತನ್ನು ನಿಲ್ಲಿಸಿದ ಗಂಡಹೆಂಡಿರು ಭಾನುವಾರ ಸಂಜೆ ಒಟ್ಟಿಗೆ ನಡೆಯಲು ಹೋಗುವುದನ್ನು ತಪ್ಪಿಸಬಾರದು.

ಒಮ್ಮೆ ಹೋಗಿ ನೋಡುವುದಾದರೆ

ಇದನ್ನೆಲ್ಲ ಕಣ್ಣಾರೆ ಕಾಣಬೇಕೆಂದರೆ ಯುರೋಪಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಕೆಂಗೇರಿಯ ಕಡೆ ಆಶೀರ್ವನಂ ಎಂಬ ಬೆನೆಡಿಕ್ಟೈನ್ ಮಠವಿದೆ. 1955ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಮೊದಲು ನೆಲೆಯೂರಲು ಯತ್ನಿಸಿದ್ದು ಕೆಂಗೇರಿಯಲ್ಲೇ. 1958ರಲ್ಲಿ ಅವರು ಬೆಲ್ಜಿಯಂ ಮೂಲದ ಸನ್ಯಾಸಿ ಫ್ರಾನ್ಸಿಸ್ ಆಚಾರ್ಯರ ಜೊತೆ ಸೇರಿ ಕೇರಳದ ವಾಗಮಣ್ ಬೆಟ್ಟಗಳಲ್ಲಿ ಕುರಿಶುಮಲ ಆಶ್ರಮವನ್ನು ಕಟ್ಟಿದರು; ಅಲ್ಲಿ ಹಸು ಸಾಕಣೆಯೇ ಸನ್ಯಾಸಿಗಳ ದುಡಿಮೆ. 1968ರಲ್ಲಿ ಗ್ರಿಫಿತ್ಸ್ ಹೋಗಿ ನೆಲೆಸಿದ್ದು ತಮಿಳುನಾಡಿನ ಕುಳಿತಲೈ ಬಳಿ ಕಾವೇರಿಯ ದಡದಲ್ಲಿರುವ ಶಾಂತಿವನ ಆಶ್ರಮದಲ್ಲಿ. ಮಂಗಳೂರಿಗೆ 1870ರಲ್ಲೇ ಫ್ರಾನ್ಸಿನಿಂದ ಕಾರ್ಮೆಲ್ ಸನ್ಯಾಸಿನಿಯರು ಬಂದಿದ್ದರು. ಅವರ ಜೊತೆಗಿದ್ದ ಪ್ಯಾಲೆಸ್ಟೀನಿನ ಯುವತಿ ಮರಿಯಮ್ 1871ರಲ್ಲಿ ಇಲ್ಲೇ ವ್ರತ ಸ್ವೀಕರಿಸಿ ಮರುವರ್ಷ ಹಿಂದಿರುಗಿದಳು. 2015ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು.

ಹೋಗುವ ಮುನ್ನ ಅತಿಥಿಗಳ ಹೊಣೆ ಹೊತ್ತವರಿಗೆ ಬರೆದು ಒಪ್ಪಿಗೆ ಪಡೆಯಿರಿ, ಎರಡು ರಾತ್ರಿ ಇರುವಂತೆ ಯೋಜಿಸಿಕೊಳ್ಳಿ. ಮೊದಲ ದಿನ ತಲೆಯೊಳಗಿನ ಗದ್ದಲ ಇಳಿಯಲಿಕ್ಕೇ ಹೋಗುತ್ತದೆ. ಪ್ರಾರ್ಥನೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಕಥೋಲಿಕರ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ ಪರಮಪ್ರಸಾದ (ಪವಿತ್ರ ರೊಟ್ಟಿ) ಸ್ವೀಕರಿಸುವುದು ಕಥೋಲಿಕರಿಗೆ ಮಾತ್ರ, ಉಳಿದವರು ಜಾಗದಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಊಟದ ಹೊತ್ತಿನಲ್ಲಿ ಒಬ್ಬರು ಓದುತ್ತಿದ್ದು ಉಳಿದವರು ಮೌನವಾಗಿದ್ದರೆ ಉಪ್ಪು ಬೇಕಾದಾಗ ಸನ್ನೆಯಲ್ಲೇ ಕೇಳಿ. 38ನೆಯ ಅಧ್ಯಾಯದ ಕಾಲದಿಂದಲೂ ಅಲ್ಲಿ ಹಾಗೆಯೇ ನಡೆದು ಬಂದಿದೆ.

ಮೂರು ತಾರೀಕುಗಳು

ಮಠ ಸೇರಿದ ಹೊಸಬನಿಗೆ ಎರಡು ತಿಂಗಳ ನಂತರ ನಿಯಮವನ್ನು ಆದಿಯಿಂದ ಅಂತ್ಯದವರೆಗೆ ಓದಿ ಹೇಳುತ್ತಾರೆ. ಪಾಲಿಸಬಲ್ಲೆಯಾದರೆ ಇರು, ಆಗದಿದ್ದರೆ ಹೋಗಲು ನೀನು ಸ್ವತಂತ್ರ ಎಂದು ತಿಳಿಸುತ್ತಾರೆ. ಆಮೇಲೆ ಆರು ತಿಂಗಳಿಗೆ ಮತ್ತೊಮ್ಮೆ, ಅನಂತರ ನಾಲ್ಕು ತಿಂಗಳಿಗೆ ಇನ್ನೊಮ್ಮೆ. ಒಟ್ಟು ಒಂದು ವರ್ಷ. ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಇವತ್ತಿನಿಂದ ಎರಡು, ಎಂಟು, ಹನ್ನೆರಡು ತಿಂಗಳಿಗೆ ಗುರುತು ಹಾಕಿಡಿ. ನಡುವೆ ಎಷ್ಟೇ ಆಸೆಯಾದರೂ ಕ್ರಮವನ್ನು ಹೆಚ್ಚಿಸಬೇಡಿ, ಬದಲಿಸಬೇಡಿ. ಆ ದಿನ ಬಂದಾಗ ಆರಂಭದಲ್ಲಿ ಬರೆದಿಟ್ಟ ಚೀಟಿಯನ್ನು ತೆಗೆದು, ಈಗಿನ ದಿನದ ಪಕ್ಕದಲ್ಲಿಟ್ಟು, ಮನೆಯವರ ಎದುರಿನಲ್ಲೇ ಓದಿ. ಮುಂದುವರಿಸಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಮೊದಲು ಅವರಿಗೆ ಕೇಳಿ.